ಪುಟ ಬಿಟ್ಟು ಜಾರಿದ ರಂಗೋಲಿ

ಕಂಪ್ಯೂಟರಿನ ಕೀಲಿಮಣೆಯಲ್ಲಿ ನಿಮಗೆ ಬಹಳ ಇಷ್ಟವಾದ ಕೀಲಿ ಯಾವುದು ಎಂದು ಈವರೆಗೆ ಯಾರೂ ನನ್ನನ್ನು ಕೇಳಿಲ್ಲ. ಕೇಳದಿದ್ದರೇನಂತೆ, ನಾನೇ ಹೇಳಿಬಿಡುತ್ತೇನೆ. ಮೇಲಿನ ಸಾಲಿನಲ್ಲಿ, ಬಲಗಡೆ, ಯಾರ ತಂಟೆಗೂ ಹೋಗದೆ ಧೂಳು ಹಿಡಿದು ಕೂತಿರುತ್ತದಲ್ಲ, ಪ್ರಿಂಟ್ ಸ್ಕ್ರೀನ್ ಅನ್ನುವ ಕೀಲಿ, ಅದು. ಉಳಿದವೆಲ್ಲ ಒತ್ತಿದ ತಕ್ಷಣ ಏನಾದರೂ ಮಾಡಿ ತೋರಿಸುತ್ತವೆ. ಅಕ್ಷರ ಮೂಡುತ್ತದೆ, ಸಾಲು ಇಳಿಯುತ್ತದೆ, ಇದ್ದದ್ದು ಅಳಿಯುತ್ತದೆ. ಇದು ಮಾತ್ರ ಜಪ್ಪಯ್ಯ ಅಂದರೂ ಮಿಸುಕಾಡುವುದಿಲ್ಲ. ಒತ್ತಿದೆನೋ ಇಲ್ಲವೋ ಎಂದು ನಮಗೇ ಅನುಮಾನ ಬಂದು ಇನ್ನೊಂದು ಸಲ ಒತ್ತುತ್ತೇವೆ. ಅಷ್ಟರಲ್ಲಿ ಅದು ಪರದೆಯ ಮೇಲೆ ಏನೇನಿತ್ತೋ ಅಷ್ಟನ್ನೂ ಗಪ್‌ಚಿಪ್ಪಾಗಿ ಎತ್ತಿಟ್ಟುಕೊಂಡು ಕೂತಿರುತ್ತದೆ.

ಎಲ್ಲಿಟ್ಟುಕೊಂಡಿರುತ್ತದೆ? ಕ್ಲಿಪ್‌ಬೋರ್ಡು ಎಂದು ತರಬೇತಿಯಲ್ಲಿ ನಾನೇ ಹೇಳಿಕೊಡುತ್ತೇನೆ. ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇರುತ್ತದೆ. ಒಳಗೆ ಮಾತ್ರ ನನಗೆ ಅದು ಇವತ್ತಿಗೂ ಬಗೆಹರಿದಿಲ್ಲ. ಚಿತ್ರ ಪರದೆಯನ್ನು ಬಿಟ್ಟು ಹೊರಟಿದೆ, ಪುಟಕ್ಕೆ ಇನ್ನೂ ಬಂದು ಇಳಿದಿಲ್ಲ. ನಡುವೆ ಅದು ಇರುವುದೆಲ್ಲಿ? ಬೆಳಗಿನ ಹೊತ್ತು ಎಚ್ಚರವಾಗಿದ್ದರೂ ಕಣ್ಣು ಬಿಡದೆ ಸುಮ್ಮನೆ ಮಲಗಿರುತ್ತೇವಲ್ಲ, ಅಂಥದೊಂದು ಜಾಗದಲ್ಲಿ ಇರಬೇಕು ಎಂದು ನನ್ನ ಊಹೆ. ಚಳಿಗಾಲದಲ್ಲಿ ನಮ್ಮ ಮಧುಗಿರಿಯ ಬೆಟ್ಟವೂ ಹೀಗೇ ಮಾಡುತ್ತದೆ. ಅಡುಗೆಮನೆಯ ಕಿಟಕಿ ತೆಗೆದರೆ ಬೆಟ್ಟವೇ ಇರುವುದಿಲ್ಲ, ಬರೀ ಮಂಜು. ಅಷ್ಟು ದೊಡ್ಡ ಬಂಡೆ ಎಲ್ಲಿಗೆ ತಾನೇ ಹೋದೀತು? ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಮೊದಲು ಇದ್ದ ಜಾಗದಲ್ಲೇ ಬಂದು ಕೂತಿರುತ್ತದೆ. ನಾನು ಲೋಟ ಹಿಡಿದು ಇದನ್ನೇ ನೋಡುತ್ತಾ ನಿಂತು, ಎಷ್ಟೋ ಸಲ ಹಾಲು ಉಕ್ಕಿಸಿದ್ದೇನೆ.

ನನ್ನ ಹೊಟ್ಟೆಪಾಡೇ ಈ ಕೀಲಿಯಿಂದ ನಡೆಯುವುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಚೇರಿಯವರಿಗೂ ಮೇಷ್ಟ್ರುಗಳಿಗೂ ಕಂಪ್ಯೂಟರ್ ಕಲಿಸುತ್ತಾ ಬಸ್ಸಿನಿಂದ ಬಸ್ಸಿಗೆ ಅಲೆಯುವವಳು ನಾನು. ಕಲಿಸುವುದಕ್ಕಿಂತ ಹೆಚ್ಚಾಗಿ, ಕಲಿಸಿದ್ದನ್ನು ಅವರು ಮರೆತ ಮೇಲೆ ನೋಡಿಕೊಳ್ಳಲು ಬೇಕಾದ ಕೈಪಿಡಿ ತಯಾರಿಸುವುದೇ ನನ್ನ ಕೆಲಸ. ಪರದೆಯ ಚಿತ್ರ ತೆಗೆಯುವುದು, ವರ್ಡ್ ಫೈಲಿನೊಳಗೆ ಅಂಟಿಸುವುದು, ಒತ್ತಬೇಕಾದ ಕಡೆ ಕೆಂಪು ಸುತ್ತು ಹಾಕಿ ಬಾಣ ಎಳೆಯುವುದು, ಕೆಳಗೆ ‘ಈಗ ಇಲ್ಲಿ ಒತ್ತಿ’ ಎಂದು ಬರೆಯುವುದು. ನನ್ನ ಇಡೀ ಸಾಹಿತ್ಯ ಕೃಷಿ ಇಷ್ಟೇ. ಒಂದೊಂದು ಸಲ ಕನಸಿನಲ್ಲೂ ಕೆಂಪು ಬಾಣ ಕಾಣುತ್ತದೆ. ಬಾಣ ತೋರಿಸಿದ ಕಡೆ ಒತ್ತಲು ಹೋದರೆ ಎಚ್ಚರವಾಗುತ್ತದೆ.

ನನ್ನ ಕೆಲಸ ಹೊಸದೇನಲ್ಲ ಎಂದು ಗೊತ್ತಾಗಿದ್ದು ಒಂದು ವೀರಗಲ್ಲಿನ ಮುಂದೆ. ದೊಡ್ಡೇರಿ ಕಡೆ ಹೋಗಿದ್ದಾಗ ಬಸ್ಸು ಕೆಟ್ಟು, ನೆರಳಿಗೆ ಅಂತ ಹುಣಸೆಮರದ ಕೆಳಗೆ ಹೋದರೆ ಅಲ್ಲೊಂದು ಕಲ್ಲು ಓರೆಯಾಗಿ ನಿಂತಿತ್ತು. ಕೆಳಗಿನ ಪಟ್ಟಿಯಲ್ಲಿ ವೀರ ಕಾದಾಡುತ್ತಿದ್ದಾನೆ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಶಿವಲಿಂಗದ ಪಕ್ಕ ಆರಾಮಾಗಿ ಕೂತಿದ್ದಾನೆ. ಅರೆ, ಇದು ನನ್ನ ಕೈಪಿಡಿಯಲ್ಲವೇ ಅನ್ನಿಸಿತು. ಮೊದಲು ಹೋರಾಡಿ, ಆಮೇಲೆ ಸಾಯಿರಿ, ಕೊನೆಗೆ ಇಲ್ಲಿ ಕೂತುಕೊಳ್ಳಿ. ಕೆಂಪು ಬಾಣ ಒಂದಿಲ್ಲ, ಅಷ್ಟೇ. ಆ ಶಿಲ್ಪಿಗೆ ಇದ್ದ ದೊಡ್ಡ ಅನುಕೂಲವೆಂದರೆ, ಕಲ್ಲಿನಲ್ಲಿ ಕೊರೆದ ಚಿತ್ರ ಕೊರೆದ ಜಾಗದಲ್ಲೇ ಇರುತ್ತದೆ. ನನ್ನ ಚಿತ್ರಗಳು ಇರುವುದಿಲ್ಲ.

ವರ್ಡ್ ಫೈಲಿನಲ್ಲಿ ಚಿತ್ರ ಕೂರಿಸಿದವರಿಗೆ ಈ ಸಂಕಟ ಗೊತ್ತು. ಇಲ್ಲಿ ಕೂತುಕೋ ಅಂದರೆ ಅಲ್ಲಿ ಹೋಗಿ ಕೂರುತ್ತದೆ. ಒಂದಿಷ್ಟು ಪಕ್ಕಕ್ಕೆ ಸರಿಸಿದರೆ ಮುಂದಿನ ಪುಟಕ್ಕೆ ಹಾರುತ್ತದೆ, ಹಾರುವಾಗ ಜೊತೆಗೆ ಎರಡು ಸಾಲನ್ನೂ ಎಳೆದುಕೊಂಡು ಹೋಗುತ್ತದೆ. ಪಾವಗಡದಲ್ಲಿ ಒಬ್ಬರು ಮೇಷ್ಟ್ರು ಇಡೀ ಮಧ್ಯಾಹ್ನ ಒಂದು ಚಿತ್ರದ ಜೊತೆ ಗುದ್ದಾಡಿ, ಕೊನೆಗೆ ಕೈ ಚೆಲ್ಲಿ, ‘ಮೇಡಂ, ಬೊಮ್ಮ ಎಕ್ಕಡಿಕೋ ಪೋಯಿಂದಿ, ಎಲ್ಲೋ ಹೊಂಟೋಯ್ತು ನೋಡ್ರಿ’ ಎಂದರು. ಅವರ ಕಡೆ ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಹುಡುಕಿದರೆ ಬೊಮ್ಮ ಹಿಂದಿನ ಚಿತ್ರದ ಬೆನ್ನಹಿಂದೆ ಅಡಗಿ ಕೂತಿತ್ತು.

ಸಿರಾದಲ್ಲಿ ನಸೀಮಾ ಟೀಚರ್ ಕತೆ ಇನ್ನೊಂದು. ಪ್ರಿಂಟ್ ಸ್ಕ್ರೀನ್ ಒತ್ತಿ ಎಂದರೆ ಅವರು ತಮ್ಮ ಮೊಬೈಲು ತೆಗೆದು ಕಂಪ್ಯೂಟರಿನ ಫೋಟೋ ಹೊಡೆದರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಷ್ಟು ಹೊತ್ತು ಬಾಯಿ ನೋಯಿಸಿಕೊಂಡಿದ್ದು ಯಾಕೆ ಎಂದು ಕೇಳೋಣವೆಂದು ಹೋದರೆ, ಆ ಫೋಟೋದಲ್ಲಿ ಪರದೆಯ ಗಾಜಿನ ಮೇಲೆ ಅವರ ಮುಖವೂ, ತಲೆಯ ಮೇಲಿನ ಫ್ಯಾನೂ, ಹಿಂದೆ ಕಿಟಕಿಯ ಬೆಳಕೂ ತೇಲುತ್ತಿದ್ದವು. ‘ನೀವು ತೆಗ್ದಿದ್ರಾಗೆ ಬರೀ ಅಕ್ಷರ ಐತೆ ಮೇಡಂ. ನಂದ್ರಾಗೆ ನಾನೂ ಇದೀನಿ. ಯೇ ಅಚ್ಛಾ ಹೈ ನಾ?’ ಎಂದು ನಕ್ಕರು. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಮನೆಗೆ ಬರುವ ಬಸ್ಸಿನುದ್ದಕ್ಕೂ ಅದೇ ಯೋಚನೆ. ಇಷ್ಟು ವರ್ಷ ಇಷ್ಟು ಪರದೆಗಳನ್ನು ಹಿಡಿದಿಟ್ಟೆನಲ್ಲ, ಒಂದರಲ್ಲಾದರೂ ನಾನಿದ್ದೇನೆಯೇ?

ಈಗ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನನ್ನ ಅಮ್ಮನಿಗೆ ಒಬ್ಬಳು ಅಕ್ಕ, ಒಬ್ಬಳು ತಂಗಿ. ನಡುವಿನವಳಾದ ಅಮ್ಮ ಈಗಿಲ್ಲ. ಅಕ್ಕ ರಂಗಮ್ಮ, ನನ್ನ ದೊಡ್ಡಮ್ಮ, ಮಿಡಿಗೇಶಿಯಲ್ಲಿ ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿದ್ದಾಳೆ. ತಂಗಿ ಜಯಮ್ಮ, ನನ್ನ ಚಿಕ್ಕಮ್ಮ, ಪಾವಗಡದ ಆಚೆ ರಾಯಚರ್ಲುವಿನಲ್ಲಿದ್ದಾಳೆ. ಇಬ್ಬರದೂ ಕುರಿ ಸಾಕುವ ಮನೆ. ಇಬ್ಬರಿಗೂ ಒಂದೇ ಮೂಗು, ಒಂದೇ ಮೂಗಿನ ತುದಿಯ ಕೋಪ. ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿದ್ದು ಈ ಎರಡು ಬಾಗಿಲು. ಆ ಎರಡು ಬಾಗಿಲುಗಳ ನಡುವೆ ಮೂರು ವರ್ಷದಿಂದ ಮಾತಿರಲಿಲ್ಲ.

ಕಾರಣ ಒಂದು ಚಿತ್ರ. ಚಿಕ್ಕಮ್ಮನ ಮಗನ ಮದುವೆ ನಿಶ್ಚಯವಾದಾಗ ಮೊದಲ ಕರೆಯೋಲೆ ಹಿರಿಯಕ್ಕನ ಮನೆಗೆ ಬರಬೇಕಿತ್ತು. ನಮ್ಮಲ್ಲಿ ಅದು ಪದ್ಧತಿ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಮೆತ್ತಿ, ತಟ್ಟೆಯಲ್ಲಿಟ್ಟುಕೊಂಡು ಮನೆಗೇ ಬಂದು, ಹಣೆಗೆ ಕುಂಕುಮವಿಟ್ಟು, ಬಾಯಿ ತುಂಬ ಕರೆಯಬೇಕು. ಚಿಕ್ಕಮ್ಮನಿಗೆ ಆಗ ನೂರೆಂಟು ಕೆಲಸ. ಈಗಿನ ಕಾಲ ಅಂತ ಯಾರೋ ಹೇಳಿದರು, ಅವಳು ಪತ್ರಿಕೆಯ ಫೋಟೋ ಕಳಿಸಿಬಿಟ್ಟಳು. ದೊಡ್ಡಮ್ಮನದು ಬಟನ್ ಫೋನು. ಆದ್ದರಿಂದ ಚಿತ್ರ ಪಕ್ಕದ ಮನೆಯವಳ ಫೋನಿಗೆ ಬಂತು. ಆಕೆ ತಂದು ತೋರಿಸಿದಳು. ದೊಡ್ಡಮ್ಮ ಅದನ್ನು ನೋಡಿ, ‘ಪಟದಾಗೆ ಕರ್ದವ್ಳೆ ನನ್ ತಂಗಿ. ಮದ್ವೆಗೆ ನನ್ ಪಟಾನೇ ಕಳಿಸ್ತೀನಿ ಬುಡು’ ಎಂದು ಹೇಳಿ ಒಳಗೆ ಹೋದವಳು, ಮದುವೆಗೆ ಹೋಗಲಿಲ್ಲ. ಮಂಟಪದಲ್ಲಿ ಬಾಗಿಲ ಕಡೆಯೇ ನೋಡುತ್ತಾ ನಿಂತಿದ್ದ ಚಿಕ್ಕಮ್ಮನ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಬ್ಬರ ಹತ್ತಿರವೂ ನಾನು ಗೋಗರೆದೆ. ದೊಡ್ಡಮ್ಮ, ‘ಕರೀದಿರೋ ಮನೆಗೆ ನಾನ್ ಕಾಲಿಡಾಕಿಲ್ಲ ಕಣಮ್ಮ’ ಎಂದಳು. ಚಿಕ್ಕಮ್ಮ, ‘ವಸ್ತೇ ರಾನೀಮ್ಮ, ಬಂದ್ರೆ ಬರ್ಲಿ, ಬ್ಯಾಡ ಅಂದೋರ್ ಯಾರು? ಒಡಹುಟ್ಟಿದೋಳಿಗೆ ಕರೆಯೋಲೆ ಬೇಕಾ?’ ಎಂದಳು. ಇಬ್ಬರ ಮಾತೂ ನನಗೆ ನ್ಯಾಯವಾಗಿಯೇ ಕಂಡಿತು. ಅದಕ್ಕೇ ನನಗೆ ಹೆದರಿಕೆ. ಇಬ್ಬರಿಗೂ ವಯಸ್ಸಾಗುತ್ತಿದೆ. ಹೀಗೇ ತಮ್ಮ ತಮ್ಮ ನ್ಯಾಯದ ಮೇಲೆ ಕೂತು, ಒಂದು ದಿನ ಒಬ್ಬಳು ಎದ್ದು ಹೊರಟುಬಿಟ್ಟರೆ ಇನ್ನೊಬ್ಬಳು ಏನು ಮಾಡುತ್ತಾಳೆ? ಈ ಭಯ ನನ್ನ ಎದೆಯಲ್ಲಿ ಕೂತು ಎದ್ದು ಮಾಡುತ್ತಲೇ ಇತ್ತು.

ಚಿಕ್ಕಮ್ಮನಿಗೆ ಆಮೇಲೆ ಒಂದು ಹವ್ಯಾಸ ಹತ್ತಿತು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಅದರ ಫೋಟೋ ತೆಗೆದು ಫೋನಿನ ಸ್ಟೇಟಸ್ಸಿಗೆ ಹಾಕುವುದು. ಸ್ಟೇಟಸ್ಸು ಒಂದು ಹಗಲು ಒಂದು ರಾತ್ರಿ ಇದ್ದು ತಾನಾಗಿ ಮಾಯವಾಗುತ್ತದೆ. ನನಗೆ ಈ ವ್ಯವಸ್ಥೆ ತುಂಬ ಹಿಡಿಸಿತು. ರಂಗೋಲಿಯ ಆಯುಷ್ಯವೂ ಅಷ್ಟೇ ತಾನೇ. ಕುರಿ ತುಳಿಯುತ್ತದೆ, ಗಾಳಿ ಬೀಸುತ್ತದೆ, ನಾಳೆ ಬೆಳಗ್ಗೆ ಪೊರಕೆ ಬರುತ್ತದೆ. ಅಂಗಳದಲ್ಲೂ ಅಳಿಸಿ, ಫೋನಿನಲ್ಲೂ ಅಳಿಸಿ, ಎರಡೂ ಕಡೆ ನಾಳೆಗೆ ಜಾಗ ಬಿಡುತ್ತದೆ.

ಒಂದು ಭಾನುವಾರ ಮಿಡಿಗೇಶಿಯ ಜಗಲಿಯಲ್ಲಿ ಕೂತು ಇದನ್ನು ನೋಡುತ್ತಿದ್ದೆ. ದೊಡ್ಡಮ್ಮ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ಓರೆಗಣ್ಣಿನಲ್ಲಿ ನೋಡಿ, ಯಾರದು ಎಂದು ಕೇಳಿದಳು. ಹೇಳಿದೆ. ‘ನಂಗೇನಾಗ್ಬೇಕು ಬುಡು’ ಎಂದಳು. ನಾಲ್ಕು ಕಾಯಿ ಬಿಡಿಸಿದ ಮೇಲೆ, ‘ಚುಕ್ಕಿ ಎಷ್ಟಿಕ್ಕವ್ಳೆ?’ ಎಂದಳು. ಫೋನು ಕೊಟ್ಟೆ. ಅವಳು ಚುಕ್ಕಿ ಎಣಿಸಲು ಬೆರಳಿಟ್ಟ ಕೂಡಲೇ ಸ್ಟೇಟಸ್ಸು ಮುಂದಕ್ಕೆ ಓಡಿ, ಇನ್ಯಾರದೋ ಹುಟ್ಟುಹಬ್ಬದ ಕೇಕು ಬಂತು. ಮತ್ತೆ ತಂದೆ, ಮತ್ತೆ ಓಡಿತು. ‘ಇದ್ಯಾಕೆ ಇಂಗೆ ಮುಟ್ಟಿದ್ರೆ ಓಡೋಯ್ತದೆ? ಕಾಗ್ದದಾಗೆ ತಕ್ಕಂಬಾ. ಬರೀ ಡಿಸೈನು ಸಾಕು, ಅವಳು ಬ್ಯಾಡ. ನಾನ್ ಕೇಳಿದ್ದು ಅಂತ ಅವಳಿಗೆ ಬಾಯ್ ಬುಟ್ಟೀಯ ಮತ್ತೆ!’

ಹೀಗೆ ನನಗೆ ಹೊಸ ಕೆಲಸ ಹುಟ್ಟಿಕೊಂಡಿತು. ದಿನಾ ಬೆಳಗ್ಗೆ ಚಿಕ್ಕಮ್ಮನ ರಂಗೋಲಿಯ ಸ್ಕ್ರೀನ್‌ಶಾಟ್ ಹೊಡೆಯುವುದು, ವರ್ಡ್ ಫೈಲಿನಲ್ಲಿ ಪುಟಕ್ಕೊಂದರಂತೆ ಕೂರಿಸುವುದು, ಮೇಲೆ ದೊಡ್ಡ ಅಕ್ಷರದಲ್ಲಿ ಸೋಮವಾರ, ಮಂಗಳವಾರ ಎಂದು ವಾರದ ಹೆಸರು ಬರೆಯುವುದು. ದೊಡ್ಡಮ್ಮ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಭಾನುವಾರ ಪುಟಗಳನ್ನು ಚೀಲದಲ್ಲಿಟ್ಟುಕೊಂಡು ಮಿಡಿಗೇಶಿಯ ಬಸ್ಸು ಹತ್ತುವುದು. ಸ್ಕ್ರೀನ್‌ಶಾಟಿಗೆ ಕಚೇರಿಯ ಪದಪಟ್ಟಿಯಲ್ಲಿ ಭಾರವಾದ ಕನ್ನಡ ಪದವೊಂದಿದೆ, ನನ್ನ ನಾಲಿಗೆಗೆ ಅದು ಹತ್ತುವುದಿಲ್ಲ. ನಾವು ಹಾರ್ನು ಹೊಡೆಯುವವರು, ನಿದ್ದೆ ಹೊಡೆಯುವವರು, ಈಜು ಹೊಡೆಯುವವರು. ಇದನ್ನೂ ಹೊಡೆದರೆ ಗಂಟೇನು ಹೋಗುತ್ತದೆ?

ಅವಳು ಬ್ಯಾಡ ಎಂದು ಅಪ್ಪಣೆಯಾಗಿತ್ತಲ್ಲ, ಆದ್ದರಿಂದ ಅಂಚು ಕತ್ತರಿಸುತ್ತಿದ್ದೆ. ಅಂಚಿನಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು. ಪೊರಕೆಯ ತುದಿ, ಕುರಿಮರಿಯ ಮೂತಿ, ಮೇಲಿನಿಂದ ಬಗ್ಗಿ ಫೋಟೋ ತೆಗೆಯುವ ಚಿಕ್ಕಮ್ಮನ ಎರಡು ಪಾದ. ವರ್ಡ್ ಫೈಲಿನ ಒಂದು ಗುಟ್ಟು ನಿಮಗೆ ಹೇಳಬೇಕು. ಅದರಲ್ಲಿ ಚಿತ್ರದ ಅಂಚು ಕತ್ತರಿಸಿದರೆ ಕತ್ತರಿಸಿದ ಭಾಗ ಹೋಗುವುದಿಲ್ಲ. ಕಾಣದ ಹಾಗೆ ಮಡಚಿಕೊಂಡು ಅಲ್ಲೇ ಇರುತ್ತದೆ. ಯಾವಾಗ ಬೇಕಾದರೂ ಹಿಡಿದು ಎಳೆದರೆ ಪೊರಕೆಯೂ ಪಾದವೂ ವಾಪಸು ಬರುತ್ತವೆ. ಇದನ್ನು ತರಬೇತಿಯಲ್ಲಿ ನಾನು ಯಾಕೋ ಎರಡೆರಡು ಸಲ ಹೇಳುತ್ತೇನೆ. ಕೂತವರು ಆಕಳಿಸುತ್ತಿರುತ್ತಾರೆ.

ಒಂದು ವಾರ ಪುರುಸೊತ್ತಾಗದೆ ಕತ್ತರಿಸದೆ ಒಯ್ದೆ. ದೊಡ್ಡಮ್ಮನ ಬೆರಳು ಚುಕ್ಕಿಗಳ ಮೇಲೆ ಸ್ವಲ್ಪ ಹೊತ್ತು ಓಡಾಡಿ, ಹಾಗೇ ಕೆಳಗಿಳಿದು, ಆ ಪಾದಗಳ ಹತ್ತಿರ ನಿಂತುಬಿಟ್ಟಿತು. ‘ಈ ಚಳಿನಾಗೆ ಬರಿಗಾಲಲ್ ನಿಂತವ್ಳಲ್ಲ’ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ, ‘ಇನ್ಮ್ಯಾಕೆ ಕತ್ತರಿಸ್ಬ್ಯಾಡ ಬುಡೇ. ಸುಮ್ಕೆ ನಿಂಗೊಂದ್ ಕೆಲ್ಸ’ ಎಂದಳು. ಅಲ್ಲಿಂದ ಮುಂದೆ ಅವಳು ನೋಡುತ್ತಿದ್ದದ್ದು ಅಂಚನ್ನೇ. ತಂಗಿ ಹೊಸ ಸೀರೆ ಉಟ್ಟದ್ದು, ಕಾಲ್ಬೆರಳಿಗೆ ಬಟ್ಟೆ ಸುತ್ತಿಕೊಂಡದ್ದು ಎಲ್ಲ ಅಂಚಿನಿಂದಲೇ ತಿಳಿಯಿತು. ಒಂದು ಮಂಗಳವಾರದ ಮೂಲೆಯಲ್ಲಿ ಹೆಬ್ಬೆರಳುದ್ದದ ಪುಟ್ಟ ಪಾದ ಕಂಡಿತು. ಚಿಕ್ಕಮ್ಮನ ಮೊಮ್ಮಗು ನಡೆಯಲು ಶುರುಮಾಡಿತ್ತು. ದೊಡ್ಡಮ್ಮ ಆ ಪುಟವನ್ನು ದೇವರಗೂಡಿನಲ್ಲಿ ಇಟ್ಟಳು. ನಾನು ಗಮನಿಸದ ಹಾಗೆ ಇದ್ದೆ.

ಇಷ್ಟಾದರೂ ಹೋಗಲು ಒಲ್ಲಳು. ನಾನು ಬಾಯಿ ತೆಗೆದರೆ, ಕರೀಲಿ ನೋಡಾನ ಎನ್ನುವಳು. ಅತ್ತ ಚಿಕ್ಕಮ್ಮ ದಿನಾ ಬಾಗಿಲಲ್ಲಿ ಹೂವು, ದೀಪ, ನವಿಲು ಬರೆದು ಊರಿಗೆಲ್ಲ ತೋರಿಸುವಳು. ಎರಡರ ನಡುವೆ ನಾನು, ಕತ್ತರಿಸುತ್ತಾ ಅಂಟಿಸುತ್ತಾ ಇದ್ದೆ. ಭಾನುವಾರದ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತರೆ, ಹೊರಗೆ ಬಂಡೆ ಬೆಟ್ಟಗಳು ಒಂದರ ಹಿಂದೊಂದು ಬಂದು ಹೋಗುತ್ತಿದ್ದವು. ಯಾವುದೋ ಒಂದು ಕೀಲಿಯಿದ್ದು, ಒತ್ತಿದರೆ ಇಬ್ಬರೂ ಒಂದೇ ಪುಟಕ್ಕೆ ಬಂದು ಕೂರುವ ಹಾಗಿದ್ದಿದ್ದರೆ ಎಂದು ಕನಸು ಕಾಣುತ್ತಿದ್ದೆ. ಅಷ್ಟರಲ್ಲಿ ಕಂಡಕ್ಟರು ಮಿಡಿಗೇಶಿ ಎಂದು ಕೂಗುತ್ತಿದ್ದ.

ಒಂದು ವಾರ ಭಾನುವಾರವೇ ಕೊರಟಗೆರೆಯಲ್ಲಿ ತರಬೇತಿ ಬಿತ್ತು. ಶನಿವಾರ ಸಂಜೆ ಫೈಲನ್ನು ಬಸ್‌ಸ್ಟ್ಯಾಂಡ್ ಪಕ್ಕದ ಪ್ರಿಂಟ್ ಅಂಗಡಿಗೆ ಕಳಿಸಿ, ಮಿಡಿಗೇಶಿಯಿಂದ ಮಧುಗಿರಿಗೆ ಬಂದು ಹೂವು ಮಾರುವ ಹೆಂಗಸಿನ ಕೈಗೆ ಪುಟಗಳನ್ನು ಕೊಡಿ ಎಂದು ಹೇಳಿದೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಈ ಲೋಕದಲ್ಲಿ ಕಂಪ್ಯೂಟರ್ ಬಳಸುವವರೆಲ್ಲ ಕೊನೆಗೆ ಹೇಳುವ ಮಾತು ಇದೇ ಎಂದು ನನಗೂ ಗೊತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ನಾನು ಬಳಸಿದ ಕನ್ನಡ ಅಕ್ಷರದ ಫಾಂಟ್ ಇರಲಿಲ್ಲವಂತೆ. ಅದು ತನಗೆ ತೋಚಿದ ಅಕ್ಷರ ಹಾಕಿಕೊಂಡಿತು. ಸಾಲುಗಳು ಸರಿದವು. ಸಾಲುಗಳ ಜೊತೆ ಚಿತ್ರಗಳೂ ಸರಿದವು. ಗುರುವಾರ, ಶುಕ್ರವಾರ, ಶನಿವಾರದ ಮೂರು ರಂಗೋಲಿಗಳು ಬುಧವಾರದ ಪುಟಕ್ಕೆ ಜಾರಿ ಒಂದರ ಮೇಲೊಂದು ಕೂತುಬಿಟ್ಟವು. ಕೊನೆಯ ಮೂರು ಪುಟಗಳಲ್ಲಿ ಉಳಿದದ್ದು ಮೇಲೆ ವಾರದ ಹೆಸರು, ಕೆಳಗೆ ಬರೀ ಬಿಳುಪು.

ನೀವೋ ನಾ‌ನೋ ನೋಡಿದ್ದರೆ ಪ್ರಿಂಟು ಕೆಟ್ಟಿದೆ ಅಂದುಕೊಳ್ಳುತ್ತಿದ್ದೆವು. ದೊಡ್ಡಮ್ಮ ಹಾಗೆ ಓದಲಿಲ್ಲ. ಅವಳಿಗೆ ಕಾಗದ ಕಾಗದವಲ್ಲ, ತಂಗಿಯ ಬಾಗಿಲು. ನಮ್ಮಲ್ಲಿ ಬಾಗಿಲಿಗೆ ರಂಗೋಲಿ ತಪ್ಪುವುದು ಮನೆಯಲ್ಲಿ ಸಾವಾಗಿ ಸೂತಕ ಬಂದಾಗ. ಒಂದಲ್ಲ, ಮೂರು ದಿನ ಬಾಗಿಲು ಬೋಳು. ಹಾಕುವವಳೇ ಹಾಕಿಲ್ಲ ಎಂದ ಮೇಲೆ ಹೋದವಳು ಯಾರು ಎಂದು ಅವಳು ಯಾರನ್ನೂ ಕೇಳಲಿಲ್ಲ. ನನಗೆ ಫೋನು ಮಾಡಿದಳು, ತರಬೇತಿಯಲ್ಲಿ ನನ್ನ ಫೋನು ಸದ್ದಡಗಿಸಿಕೊಂಡು ಚೀಲದಲ್ಲಿತ್ತು. ಪುಟಗಳನ್ನು ಎದೆಗವಚಿಕೊಂಡು ಪಾವಗಡದ ಬಸ್ಸು ಹತ್ತಿದಳು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಫೋನು ತೆಗೆದು ನೋಡಿದರೆ ದೊಡ್ಡಮ್ಮನ ಕರೆಗಳು ಸಾಲಾಗಿ ಬಿದ್ದಿದ್ದವು. ಅಷ್ಟರಲ್ಲೇ ಚಿಕ್ಕಮ್ಮನ ಫೋನು ಬಂತು. ಎತ್ತಿದರೆ ಹಿಂದೆ ಯಾರೋ ಅಳುವುದು ಕೇಳುತ್ತಿತ್ತು.

‘ನಿಮ್ ದೊಡ್ಡಮ್ಮ ಬಂದವ್ಳೆ ಕಣಮ್ಮ’ ಎಂದಳು ಚಿಕ್ಕಮ್ಮ.

‘ಏನಾಯ್ತು ಚಿಕ್ಕಮ್ಮ? ನಿಂಗೇನಾಯ್ತು?’

‘ನಂಗೇನೂ ಆಗಿಲ್ಲ. ಅದ್ಕೇ ಅಳ್ತಾ ಕುಂತವ್ಳೆ. ನೀನ್ ಬಾ ಬೇಗ.’

ತರಬೇತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೊರಟೆ. ಕೊರಟಗೆರೆಯಿಂದ ಮಧುಗಿರಿ, ಮಧುಗಿರಿಯಿಂದ ಪಾವಗಡ. ಮಿಡಿಗೇಶಿ ಬಂತು, ನಾನು ಇಳಿಯಲಿಲ್ಲ. ಬಸ್ಸು ಮುಂದಕ್ಕೆ ಹೋಗುವಾಗ, ಇಷ್ಟು ದಿನ ನಾನು ಇಳಿದುಕೊಳ್ಳುತ್ತಿದ್ದ ಜಾಗ ಹಿಂದೆ ಹಿಂದೆ ಸರಿಯುವುದನ್ನು ನೋಡುತ್ತಾ ಕೂತೆ. ಪಾವಗಡ ದಾಟಿದ ಮೇಲೆ ಬಿಸಿಲಿನಿಂದ ಕರೆಂಟು ತೆಗೆಯುವ ಸೋಲಾರ್ ಹಲಗೆಗಳು ಶುರುವಾದವು, ಕಣ್ಣು ಹರಿದಷ್ಟು ದೂರ. ಸಂಜೆಯ ಹೊತ್ತಿನಲ್ಲಿ ಅವು ಆಕಾಶವನ್ನೆಲ್ಲ ತಮ್ಮ ಮೇಲೆ ಹೊದ್ದುಕೊಂಡು ಮಲಗುತ್ತವೆ. ಕೆರೆ ತುಂಬಿದೆಯೇನೋ ಅನ್ನಿಸುತ್ತದೆ. ಅದನ್ನು ನೋಡುತ್ತಾ ನನ್ನ ಭಯ ಯಾವಾಗ ಕರಗಿತೋ ತಿಳಿಯಲಿಲ್ಲ.

ಆದದ್ದನ್ನು ಚಿಕ್ಕಮ್ಮನೇ ಹೇಳಿದಳು. ಅವಳು ಹೊಸಿಲ ಮುಂದೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳಂತೆ. ಬೀದಿಯ ತಿರುವಿನಲ್ಲೇ ಗೋಳೋ ಎಂಬ ಅಳು ಕೇಳಿ ತಲೆಯೆತ್ತಿದರೆ ಅಕ್ಕ, ಕೈಯಲ್ಲಿ ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಸೇವಂತಿಗೆ ಹಾರ. ಮೂರು ವರ್ಷದ ಮೇಲೆ ಅಕ್ಕ ಅಳುತ್ತಾ ಬರುತ್ತಿದ್ದಾಳೆಂದರೆ ಮಿಡಿಗೇಶಿಯ ಮನೆಯಲ್ಲಿ ಯಾರೋ ತೀರಿಹೋಗಿರಬೇಕು ಎಂದು ಇವಳೂ ಎದ್ದು ಓಡಿದಳು. ಅಳುಗಣ್ಣಿನಲ್ಲಿ ಎದುರಿಗೆ ಬಂದವಳು ಯಾರೆಂದೂ ನೋಡದೆ ದೊಡ್ಡಮ್ಮ ತಬ್ಬಿಕೊಂಡಳು. ಅಂಗಳದ ನಡುವೆ, ಹಾಕಿದ ರಂಗೋಲಿಯ ಮೇಲೇ ನಿಂತು, ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಜೋರಾಗಿ ಅತ್ತರು. ಬೀದಿಯವರು ಸೇರಿದರು. ಕೊನೆಗೆ ಚಿಕ್ಕಮ್ಮ, ‘ಯಾರಕ್ಕಾ? ಯಾರೋದ್ರು?’ ಎಂದು ಕೇಳಿದಳಂತೆ.

‘ನೀನೇ ಕಣೇ, ಜಯಾ’ ಎಂದ ದೊಡ್ಡಮ್ಮ, ಆಗ ಮುಖ ನೋಡಿದಳು.

ಅಷ್ಟರಲ್ಲಿ ಕೆಳಗೆ ಬಿದ್ದಿದ್ದ ಹಾರವನ್ನು ಕುರಿಗಳು ಅರ್ಧ ತಿಂದಿದ್ದವು.

ನಾನು ಹೋದಾಗ ಇಬ್ಬರೂ ಜಗಲಿಯಲ್ಲಿ ಕೂತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಪುಟಗಳು ಚಿಕ್ಕಮ್ಮನ ಮಡಿಲಲ್ಲಿದ್ದವು. ನಾನು ಅಕ್ಷರ ಬದಲಾಗಿದ್ದು, ಸಾಲು ಸರಿದದ್ದು, ಚಿತ್ರ ಜಾರಿದ್ದು ಎಲ್ಲ ವಿವರಿಸಿದೆ. ಇಷ್ಟು ಚೆನ್ನಾಗಿ ನಾನು ಯಾವ ತರಬೇತಿಯಲ್ಲೂ ವಿವರಿಸಿರಲಿಲ್ಲ. ಇಬ್ಬರೂ ಒಂದು ಅಕ್ಷರವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

‘ಇವನ್ನೆಲ್ಲ ಇಟ್ಕಂಡಿದ್ಯಾ ಅಕ್ಕ?’ ಎಂದಳು ಚಿಕ್ಕಮ್ಮ, ಪುಟ ತಿರುವುತ್ತಾ.

‘ಡಿಸೈನಿಗೆ’ ಎಂದಳು ದೊಡ್ಡಮ್ಮ.

‘ಹೂಂ. ಡಿಸೈನಿಗೆ.’ ಚಿಕ್ಕಮ್ಮ ಇನ್ನೊಂದೆರಡು ಪುಟ ತಿರುವಿದಳು. ಆಮೇಲೆ ಅವಳ ಧ್ವನಿ ಏರಿತು. ‘ಮದ್ವೆಗ್ ಬರ್ನಿಲ್ಲ. ಮೊಮ್ಮಗ ಹುಟ್ಟಿದಾಗ್ ಬರ್ನಿಲ್ಲ. ಇವತ್ತ್ ಹೆಂಗ್ ಬಂದೆ? ಇವತ್ತೇನ್ ನಾನ್ ಕರ್ದಿದ್ನಾ?’

‘ಮದ್ವೆಗೆ ಕರೀಬೇಕು ಕಣೇ. ಸಾವಿಗ್ ಯಾರಾನ ಕರೀತಾರಾ?’

ಚಿಕ್ಕಮ್ಮನ ಕೈ ಪುಟದ ಮೇಲೆ ನಿಂತಿತು. ‘ಅಂಗಾರೆ ನಾನ್ ಸಾಯೋಗಂಟ ನೀನ್ ಬರ್ತಿರ್ನಿಲ್ಲ ಅನ್ನು.’

ಈ ಮಾತು ದೊಡ್ಡಮ್ಮನೊಬ್ಬಳಿಗೇ ಅಲ್ಲ, ನನಗೂ ಬಂದು ನಾಟಿತು. ಇಷ್ಟು ದಿನ ನಾನು ನೀಟಾಗಿ ಅಂಟಿಸಿ ತಂದುಕೊಡುತ್ತಿದ್ದ ಪ್ರತಿ ಪುಟವೂ ‘ತಂಗಿ ಚೆನ್ನಾಗಿದ್ದಾಳೆ’ ಎಂದು ಹೇಳುತ್ತಿತ್ತು. ಚೆನ್ನಾಗಿದ್ದಾಳೆ ಎಂದು ತಿಳಿದ ಮೇಲೆ ದೊಡ್ಡಮ್ಮ ಯಾಕಾದರೂ ಎದ್ದು ಹೋಗುತ್ತಾಳೆ? ನನ್ನ ಕೆಲಸ ಕೆಟ್ಟ ದಿನ ಅವಳು ಬಸ್ಸು ಹತ್ತಿದಳು. ಇದನ್ನು ಯೋಚಿಸಿದರೆ ಇಂದಿಗೂ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕೋಪವೆಲ್ಲ ಎಲ್ಲಿ ಹೋಯಿತೋ, ಧ್ವನಿ ತೀರಾ ಸಣ್ಣದಾಗಿತ್ತು. ‘ಬಸ್ಸಾಗೆ ಕುಂತು ಒಂದೇ ಬೇಡ್ಕಂಡೆ ಕಣೇ ಜಯಾ. ನನ್ ತಂಗಿ ಬಾಕ್ಲಾಗೆ ನಿಂತು, ಯಾಕೆ ಬಂದೆ ಅಂತ ನನ್ನ ಬೈದ್ರೆ ಸಾಕು, ಇನ್ನೇನೂ ಬ್ಯಾಡ ಅಂತ.’

ಚಿಕ್ಕಮ್ಮ ಮೂಗೊರೆಸಿಕೊಂಡು ಎದ್ದಳು. ‘ಬೈತೀನಿ ಇರು. ಮೊದ್ಲು ಕೈ ತೊಳ್ಕಂಡ್ ಉಣ್ಣು ಬಾ.’

ಬೈದಳು ಕೂಡ. ಮೂರು ವರ್ಷದ್ದನ್ನೆಲ್ಲ ಸೇರಿಸಿ, ಬಡಿಸುತ್ತಾ ಬಡಿಸುತ್ತಾ ಬೈದಳು. ದೊಡ್ಡಮ್ಮ ತಲೆ ಬಗ್ಗಿಸಿಕೊಂಡು ಕೇಳುತ್ತಾ, ಇನ್ನೊಂದು ಮುದ್ದೆ ಹಾಕಿಸಿಕೊಂಡಳು.